ಆಪರೇಷನ್ ಟೇಬಲ್ ಮೇಲೆ ಹಸದ ಯಾಪಾರ

ಅಲ್ಲ ಕಣ್ರಲಾ, ಹಸಾನ ನಾನು ಮಾರ್ಲಿಲ್ಲ. ನಿಮ್ಮಪ್ಪ ಏಳ್ತಾನಲ್ಲ, ನಮ್ಮಮ್ಮ ಆಪರೇಷನ್ ಮಾಡ್ತಾ ಮಾಡ್ತಾ ಹಸ ಮಾರ್ಬಿಟ್ಳು ಅಂತ, ಅದೆಲ್ಲ ಉಪ್ಪು ಖಾರ ಹಚ್ಚಿರೋದು. ಆಪರೇಷನ್ ಮಾಡಿದ್ದು ಡಾಕ್ಟ್ರು. ನಾನು ಇನ್ನೂ ಕಲಿಯೋಳು, ರೋಗಿ ತಲೆ ಹತ್ರ ನಿಂತಿದ್ದೆ ಅಷ್ಟೇ. ಹಸದ ಯಾಪಾರ ತಾನಾಗೇ ಕುದುರ್ಬಿಡ್ತು. ಇರಿ, ಮೊದ್ಲಿಂದ ಏಳ್ತೀನಿ. ಲೇ ಮಂಜ, ಆ ಕಾಲು ಅಲ್ಲಾಡ್ಸೋದು ನಿಲ್ಸಲಾ, ನಂಗೆ ಮಾತು ತಪ್ತದೆ.

ಆಗ ಎಲ್ಲಾ ಕಡೆ ರೇಷನ್ನು. ಮೈಲೋ ಜೋಳ ಅಂತ ಕೊಡೋರು, ಕೆಂಪುಗಿರ್ತಿತ್ತು, ಎಷ್ಟು ಬೇಯಿಸಿದ್ರೂ ಹಲ್ಲಿಗೆ ಕಲ್ಲು ಸಿಕ್ಕಂಗೆ. ನಿಮಗೀಗ ಉಪ್ಪಿಟ್ಟು ಅಂದ್ರೆ ಮೂತಿ ತಿರುಗ್ತದೆ, ಆ ಜೋಳ ತಿಂದಿದ್ರೆ ಗೊತ್ತಾಗ್ತಿತ್ತು. ನಮ್ಮಪ್ಪ ನಾನು ಸಣ್ಣೋಳಿದ್ದಾಗ್ಲೇ ತೀರ್ಕೊಂಡಿದ್ರು. ಅಮ್ಮಂಗೆ ಇದ್ದಿದ್ದು ನಾನು, ಆಮೇಲೆ ಚುಕ್ಕಿ ಅಂತ ಒಂದು ಹಸ. ಅಲ್ಲ, ಚುಕ್ಕಿ ಮೊದ್ಲು, ನಾನು ಆಮೇಲೆ. ಬೆಳಗಾಗ್ತಿದ್ದಂಗೇ ಅಮ್ಮ ಹಾಲು ಕರ್ಕೊಂಡು ಊರಿಂದ ನಡ್ಕೊಂಡೋಗಿ ಬಂಗಾರಪೇಟೆ ಸ್ಟೇಷನ್ ಹತ್ರದ ಹೋಟ್ಲಿಗೆ ಆಕಿ ಬರೋಳು. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಚಿನ್ನದ ಗಣಿ ಇರೋ ಊರಿಗಾಂ ಕಡೆ ಒಂದು ಆಸ್ಪತ್ರೇಲಿ ಆಪರೇಷನ್ ಥಿಯೇಟ್ರು ಕೆಲ್ಸ ಕಲಿಯಕ್ಕೆ ಸೇರಿದ್ದೆ, ಅಲ್ಲಿ ನನ್ನ ಊಟ ತಿಂಡಿ ಎಲ್ಲ ಆ ಹಾಲಿನ ದುಡ್ಡಲ್ಲೇ. ಚುಕ್ಕಿ ಹಾಲು ನಿಂತ್ರೆ ನನ್ನ ಕಲಿಕೇನೂ ನಿಲ್ತಿತ್ತು, ವಾಪಸ್ ಬಂದು ಅಮ್ಮನ ಜೊತೆ ಕೂಲಿಗೋಗ್ಬೇಕಿತ್ತು. ಅದೊಂದು ಮನಸ್ಸಲ್ಲಿಟ್ಕೊಳ್ಳಿ.

ಕೆಲ್ಸ ಏನಪ್ಪ ಅಂದ್ರೆ, ಕತ್ರಿ ಇಕ್ಕಳ ಕುದಿಸೋದು, ಬಟ್ಟೆ ಮಡಿಸಿ ಡ್ರಮ್ಮಿಗೆ ತುಂಬಿ ಆವೀಲಿ ಬೇಯಿಸೋದು, ಡಾಕ್ಟ್ರು ಕೈ ಚಾಚಿದ್ರೆ ಕೇಳೋಕೆ ಮುಂಚೆ ಬೇಕಾದ್ದು ಕೈಗಿಡೋದು. ಕೈ ತೊಳೆಯೋದಂತೂ ಕೇಳ್ಬ್ಯಾಡಿ, ಮೊಣಕೈವರ್ಗೂ ಬ್ರಷ್ ಆಕಿ ಉಜ್ಜಿ ಉಜ್ಜಿ, ಆಮೇಲೆ ಎರಡೂ ಕೈ ಮೇಲೆತ್ಕೊಂಡು ನಿಂತ್ಕೋಬೇಕು, ಏನೂ ಮುಟ್ಟಂಗಿಲ್ಲ. ಅಂಗೆ ನಿಂತಾಗ್ಲೇ ಮೂಗು ನವೆ ಬರ್ತದೆ, ಅಲ್ಲೀವರ್ಗೂ ಎಲ್ಲಿ ಅಡಗಿತ್ತೋ. ರಜಕ್ಕೆ ಊರಿಗೆ ಬಂದೋಳು ಒಂದಿನ ಊಟಕ್ಕೆ ಮುಂಚೆ ಅಭ್ಯಾಸಕ್ಕೆ ಅಂಗೇ ತೊಳ್ಕೊಂಡು ಕೈ ಎತ್ತಿ ಬಾಗಿಲಲ್ಲಿ ನಿಂತಿದ್ದೆ. ಅಮ್ಮ ನೋಡಿ, "ಲೇ ರತ್ನಿ, ಯಾರೇ ನಿಂಗೆ ಒಡಿಯಕ್ಕೆ ಬಂದಿರೋರು, ಕೈ ಇಳಿಸೇ, ಮುದ್ದೆ ಆರ್ತೈತೆ" ಅಂದ್ಲು.

ಅದೆಲ್ಲ ಕಲ್ತೆ. ಕಲಿಯಕ್ಕೆ ಆಗ್ದೇ ಇದ್ದಿದ್ದು ಒಂದೇ, ಸುಮ್ನಿರೋದು. ನಂಗೆ ಬಾಯಿ ಅಂದ್ರೆ ಬಾಯಿ. ಕತ್ರಿ ಜೊತೆ ಮಾತಾಡ್ತಿದ್ದೆ, ಕುದಿಯೋ ನೀರಿನ ಜೊತೆ ಮಾತಾಡ್ತಿದ್ದೆ. ಥಿಯೇಟ್ರು ನೋಡ್ಕೊಳ್ತಿದ್ದ ದೊಡ್ಡ ಸಿಸ್ಟರು ಮಂಗ್ಳೂರು ಕಡೆಯೋರು, ಅವರ ಕನ್ನಡಾನೇ ಬೇರೆ. "ಎಂತ ಮಾರಾಯ್ತಿ, ಮಾತಾಡಿದ್ರೆ ಎಂಜಲು ಹಾರ್ತದೆ. ಬಾಯಿಗೆ ಬಟ್ಟೆ ಕಟ್ಟಿದ್ರೂ ಹಾರ್ತದೆ. ರೋಗಿಯ ಗಾಯಕ್ಕೆ ನಿನ್ನ ಎಂಜಲು ಬೇಕಾ?" ಅನ್ನೋರು. ಎಂಜಲು ಅಂದ್ಮೇಲೆ ನಂಗೆ ಚೆನ್ನಾಗೇ ಅರ್ಥ ಆಯ್ತು, ಆದ್ರೂ ಬಾಯಿ ಕೇಳ್ಬೇಕಲ್ಲ. ಕೊನೆಗೆ ಅವ್ರಿಗೂ ಸಾಕಾಗಿ, "ಇನ್ನೊಂದು ಸಲ ಒಳಗೆ ನಿನ್ನ ಸ್ವರ ಕೇಳಿದ್ರೆ ಗಂಟುಮೂಟೆ ಕಟ್ಟಿಸಿ ಊರಿಗೆ ಕಳಿಸ್ತೇನೆ" ಅಂದ್ಬಿಟ್ರು. ಅವತ್ತಿಂದ ನಾನು ತುಟಿ ಕಚ್ಕೊಂಡೇ ಒಳಗೋಗ್ತಿದ್ದೆ.

ಅಂಥದ್ರಲ್ಲಿ ಬಂದ ನೋಡಿ ಮುನಿಸಾಮಿ. ಗಣಿ ಕೆಲ್ಸದೋನು, ಬಾಗ್ಲು ತುಂಬೋ ಆಳು. ಕರುಳು ಇಳಿದಿತ್ತು, ಹರ್ನಿಯಾ ಅಂತಾರಲ್ಲ, ಅದು. ಭೂಮಿ ಒಳಗೆ ಅಷ್ಟಾಳ ಇಳಿದು ಬರೋ ಮನ್ಷ, ಹೆಬ್ಬೆಟ್ಟುದ್ದದ ಕತ್ತಿಗೆ ನಡುಗ್ತಾ ಇದ್ದ. ಬೆನ್ನಿಗೆ ಸೂಜಿ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸಿದ್ರು. ಮೇಲೆ ಎಚ್ರವಾಗೇ ಇದ್ನಲ್ಲ, ಎದೆ ಮೇಲೆ ಅಡ್ಡ ಬಟ್ಟೆ ಕಟ್ಟಿದ್ರೂ ಕತ್ತೆತ್ತಿ ಇಣುಕ್ತಾನೆ. "ಕೋಸ್ತಾಂಡಾರಾ ಪಾಪಾ? ಕೊಯ್ತಾ ಅವ್ರಾ?" ಅಂತ ತೆಲುಗಲ್ಲೊಂದ್ಸಲ, ಕನ್ನಡದಲ್ಲೊಂದ್ಸಲ. ಆಮೇಲೆ ಎದ್ದು ಕೂರಕ್ಕೇ ಓದ. ಇಬ್ರು ಭುಜ ಇಡಿದು ಒತ್ತಿದ್ರು. ಡಾಕ್ಟ್ರು ಕೈ ನಿಲ್ಸಿ, "ಈತ ಅಲ್ಲಾಡಿದ್ರೆ ನಾನು ಮುಂದಕ್ಕೆ ಮಾಡಲ್ಲ" ಅಂದ್ರು. ಸಿಸ್ಟರು ನನ್ನ ಕಡೆ ತಿರುಗಿದ್ರು. "ರತ್ನಾ, ತಲೆ ಹತ್ರ ಹೋಗು. ಮಾತಾಡಿಸು."

ನೋಡಿ ನನ್ನ ಗ್ರಹಚಾರ. ಯಾವತ್ತೂ ಮುಚ್ಚದ ಬಾಯಿ, ಮಾತಾಡು ಅಂದಾಗ ಒಂದಕ್ಷರ ಬರ್ಲಿಲ್ಲ. ಏನು ಕೇಳ್ಲಿ, ಊಟ ಆಯ್ತಾ ಅನ್ನಂಗಿಲ್ಲ, ಉಪವಾಸ ಮಲಗ್ಸಿರ್ತಾರೆ. ಕೊನೆಗೆ, "ಅಣ್ಣಾ, ಮನೇಲಿ ಹಸ ಐತಾ?" ಅಂದೆ.

"ಇತ್ತಮ್ಮ, ಸತ್ತೋಯ್ತು. ಈಗೆಲ್ಲಿ ಒಳ್ಳೇ ಹಸ, ಎಲ್ಲ ಒದೆಯೋವೇ."

"ನಮ್ಮ ಚುಕ್ಕಿ ಒದೆಯಲ್ಲ."

ಅಷ್ಟು ಸಾಕಾಯ್ತು. ಕೊಂಬು ಎಂಗೈತೆ, ಹಲ್ಲು ಎಷ್ಟು, ಸುಳಿ ಎಲ್ಲೈತೆ, ಮಲ್ಕೊಂಡೇ ಎಲ್ಲಾ ಪರೀಕ್ಷೆ ಮಾಡ್ದ. ನಾನೂ ಚುಕ್ಕೀನ ಆಕಾಶಕ್ಕೇರಿಸಿದೆ, ನಮ್ಮೂರು ಯಾವ್ದು, ಮನೆ ಎಲ್ಲಿ, ಎಲ್ಲಾನೂ ಒದರ್ದೆ. ಆ ಕಡೆಯಿಂದ ಡಾಕ್ಟ್ರು ತಲೆ ಎತ್ತದೇನೇ, "ಹಾಲು ಎಷ್ಟು ಕೊಡ್ತದೆ?" ಅಂದ್ರು. ಸಿಸ್ಟರ ಕಣ್ಣು ಮಾತ್ರ ಕಾಣ್ತಿತ್ತು, ಅದು ನಗ್ತಾ ಇತ್ತೋ ಉರೀತಾ ಇತ್ತೋ ಗೊತ್ತಾಗ್ಲಿಲ್ಲ.

ಒಳಗೆ ಕರುಳು ಎಳೆದಾಗ ಜಗ್ಗಿದಂಗಾಯ್ತೇನೋ, ಮುನಿಸಾಮಿ ಮಾತು ನಿಲ್ಸಿ, ಮೇಲೆ ಹೊದಿಸಿದ್ದ ಬಟ್ಟೆ ಒಳಗಿಂದ್ಲೇ ನನ್ನ ಕೈ ಹುಡುಕಿ ಎರಡು ಬೆರಳು ಇಡ್ಕೊಂಡ. ಅಯ್ಯೋ ಪಾಪ, ನೋಯ್ತೈತೆ ಅಂತ ನಾನು ಗಟ್ಟಿಯಾಗಿ ಒತ್ತಿದೆ. ಅವ್ನು ನನ್ನ ಮುಖ ನೋಡ್ದ, ಇನ್ನೊಂದ್ಸಲ ಒತ್ತಿದೆ. ಅಷ್ಟೇ, ಉಸ್ರು ಬಿಟ್ಟು ಕಣ್ಮುಚ್ಚಿ ಹೊಲಿಗೆ ಮುಗಿಯೋವರ್ಗೂ ಅಲ್ಲಾಡ್ಲಿಲ್ಲ. ಕೈ ಮಾತ್ರ ಬಿಡ್ಲಿಲ್ಲ. ಆಮೇಲೆ ಸಿಸ್ಟರು, "ನಾಳೆಯಿಂದ ನಿನ್ನ ಜಾಗ ರೋಗಿಯ ತಲೆ ಹತ್ರ. ಬೇರೆ ಕಡೆ ನಿಂತಾಗ ಬಾಯಿ ಮುಚ್ಚು" ಅಂದ್ರು. ನಾನು ಹಾಸ್ಟ್ಲುವರ್ಗೂ ಹಾರ್ಕೊಂಡು ಓದೆ.

ಬಾಯಿಂದ ಉಳೀತು ಕೆಲ್ಸ, ಕೈಯಿಂದ ಓಗೋದ್ರಲ್ಲಿತ್ತು. ಮುಂದಿನ ರಜದಲ್ಲಿ ಊರಲ್ಲಿ ಅಮ್ಮ ನಾನೂ ಬೆರಣಿ ತಟ್ತಾ ಇದೀವಿ, ಗಣಿ ಕಡೆಯಿಂದ ಬರೋ ಮಾರಿಕುಪ್ಪಂ ರೈಲಿಳಿದು ಬಂದ ಮುನಿಸಾಮಿ. ಹೆಗಲ ಮೇಲೆ ಹೊಸ ಹಗ್ಗ, ಕೈಯಲ್ಲೊಂದು ಕಂಚಿನ ಗಂಟೆ, ಹಿಂದೆ ಹೆಂಡ್ತಿ ಅರಿಶಿನ ಕುಂಕುಮದ ತಟ್ಟೆ ಇಡ್ಕೊಂಡು.

"ಯಾರಪ್ಪಾ ನೀನು?" ಅಂದ್ಲು ಅಮ್ಮ.

"ಹಸ ಒಡ್ಕೊಂಡು ಓಗಕ್ಕೆ ಬಂದಿದೀನಿ ತಾಯಿ. ನಿಮ್ಮ ಮಗಳ ಹತ್ರ ಯಾಪಾರ ಆಗೈತೆ. ಬಟ್ಟೆ ಒಳಗೆ ಎರಡು ಬೆರಳು ಇಡ್ಕೊಂಡೆ, ಒತ್ತಿದ್ಲು."

ನಿಮಗೆ ಗೊತ್ತಿಲ್ಲ ಕಣ್ರಲಾ, ದನದ ಸಂತೇಲಿ ಬಾಯಲ್ಲಿ ರೇಟು ಏಳಲ್ಲ. ಕೈ ಮೇಲೆ ಟವಲ್ ಮುಚ್ಚಿ ಒಳಗೆ ಬೆರಳು ಇಡಿತಾರೆ, ಎಷ್ಟು ಬೆರಳೋ ಅಷ್ಟು ರೇಟು. ಎದುರಿನೋನು ಒತ್ತಿದ್ರೆ ಯಾಪಾರ ಮುಗೀತು. ದನದ ಸಂತೆ ಗಂಡಸ್ರದ್ದು, ನಾನೆಲ್ಲಿ ನೋಡಿದ್ದೆ. ಅಮ್ಮಂಗೆ ಗೊತ್ತಿತ್ತು. ಸಗಣಿ ಕೈಯಲ್ಲೇ ಹಣೆ ಚಚ್ಕೊಂಡ್ಲು. "ಎರಡು ಬೆರಳಿಗೆ ಚುಕ್ಕೀನಾ? ಆ ರೇಟಿಗೆ ಬಾಲಾನೂ ಬರಲ್ವಲ್ಲೇ." ಆಮೇಲೆ ಕೈ ತೊಳ್ಕೊಂಡು ಓಗಿ ಗೂಟದಿಂದ ಹಗ್ಗ ಬಿಚ್ಚಕ್ಕೆ ಶುರು ಮಾಡಿದ್ಲು. ಮಾತು ಕೊಟ್ಮೇಲೆ ಕೊಟ್ಟಂಗೆ, ನಮ್ಮಮ್ಮ ಅಂಥೋಳು. ಚುಕ್ಕಿ ಓದ್ರೆ ನಾನೂ ಊರಿಗಾಂ ಮುಖ ನೋಡಂಗಿಲ್ಲ.

"ಅಣ್ಣಾ, ನಂಗೆ ಈ ಯಾಪಾರ ಗೊತ್ತಿಲ್ಲ. ನಿಂಗೆ ನೋಯ್ತೈತೆ ಅಂದ್ಕೊಂಡು ಒತ್ತಿದೆ" ಅಂದೆ. ಅಳು ಬಂದಿತ್ತು.

ಮುನಿಸಾಮಿ ಹೆಂಡ್ತಿ ಅವ್ನ ಕಡೆ ತಿರುಗಿ, "ನಿಜ ಏಳು, ಎದ್ರಿಕೆ ಆಗಿತ್ತು ತಾನೇ?" ಅಂದ್ಲು. ಅಷ್ಟು ದೊಡ್ಡ ಆಳು, ಮೆಲ್ಲಗೆ ಅಂತಾನೆ, "ಆಗಿತ್ತು. ಪ್ರಾಣಾನೇ ಓಯ್ತು ಅಂದ್ಕೊಂಡೆ. ಕೈ ಇಡ್ಕೊಳಮ್ಮ ಅಂತ ಕೇಳಕ್ಕೆ ನಾಚ್ಕೆ ಆಯ್ತು. ಅದ್ಕೇ ಹಸದ ರೇಟು ಕೇಳ್ದಂಗೆ ಇಡ್ಕೊಂಡೆ. ನೀನು ಒತ್ತಿದ್ದು ನೋಡಿ ಯಾಪಾರ ನಿಜವಾಗ್ಲೂ ಕುದುರ್ತು ಅಂದ್ಕೊಂಡ್ಬಿಟ್ಟೆ."

ಅಮ್ಮ ಹಗ್ಗ ಬಿಚ್ತಾ ಇದ್ದೋಳು ವಾಪಸ್ ಕಟ್ಟಿದ್ಲು. ಅವ್ನು ತಂದಿದ್ದ ಗಂಟೇನ ಚುಕ್ಕಿ ಕೊರಳಿಗೇ ಕಟ್ದ, ಹೆಂಡ್ತಿ ಅದರ ಹಣೆಗೆ ಕುಂಕುಮ ಇಟ್ಲು, ಕಾಯಿಸಿದ ಹಾಲು ಕುಡಿದು ಸಾಯಂಕಾಲದ ರೈಲಿಗೆ ಓದ್ರು. ಆ ಗಂಟೆ ಇನ್ನೂ ಅಟ್ಟದ ಮೇಲೈತೆ, ಬೇಕಾದ್ರೆ ಏಣಿ ಆಕಿ ನೋಡಿ. ಅಲ್ಲಿಂದೀಚೆಗೆ ಎಷ್ಟು ಜನದ ತಲೆ ಹತ್ರ ನಿಂತೆನೋ, ಗಂಡಸ್ರೆಲ್ಲ ಒಂದೇ, ನೋಯ್ತೈತೆ ಅನ್ನಲ್ಲ, ಇನ್ನೇನೋ ಕೇಳ್ತಾರೆ.

ಅದ್ಕೇ ಏಳ್ತೀನಿ, ಎದ್ರಿಕೆ ಆಗಿರೋರು ಕೈ ಇಡ್ಕೊಂಡ್ರೆ ಬಿಡಿಸ್ಕೋಬ್ಯಾಡಿ, ಗಟ್ಟಿಯಾಗಿ ಒತ್ತಿ. ಕೈ ಮೇಲೆ ಬಟ್ಟೆ ಇದ್ರೆ ಮಾತ್ರ ಮೊದ್ಲು ಅದನ್ನ ಸರಿಸ್ಬಿಡಿ. ಏಳಿ ಈಗ, ಮುದ್ದೆ ಆರ್ತೈತೆ.