ಎತ್ತರದಲ್ಲಿ ಫುರ್ಬಾನ ತಲೆನೋವು

ನಾಲ್ಕೂವರೆ ಸಾವಿರ ಮೀಟರಿಗೂ ಎತ್ತರದ ದುಗ್ಲಾದ ಚಹಾದಂಗಡಿಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಶೆರ್ಪಾ ಅಕ್ಕ, ತಮ್ಮ ಕೂತಿದ್ದರು. ಮೂರು ವರ್ಷ ಕಠ್ಮಂಡುವಿನಲ್ಲಿದ್ದ ತಮ್ಮ ಎರಡೇ ದಿನದಲ್ಲಿ ಇಷ್ಟೆತ್ತರ ಹತ್ತಿ ಬಂದಿದ್ದ.

"ತಲೆನೋವಾ, ಫುರ್ಬಾ?"

"ಟೋಪಿ ಬಿಗಿ, ಅಕ್ಕ."

"ನಾನು ಮಾಡಿ ತಂದ ಆಲೂ ರೊಟ್ಟಿ ನೀನು ಬೇಡ ಅಂದೆ. ಹುಟ್ಟಿದಾಗಿಂದ ಇದೇ ಮೊದಲು."

"ನಿನ್ನ ಕೈರುಚಿ ಕೆಟ್ಟಿರಬೇಕು."

"ಬಾಯಿ ಮಾತ್ರ ಚೆನ್ನಾಗಿದೆ. ಎದ್ದು ಈ ಹಲಗೆ ಗೆರೆ ಮೇಲೆ ಒಂದು ಕಾಲಿನ ಬೆರಳಿಗೆ ಇನ್ನೊಂದರ ಹಿಮ್ಮಡಿ ಮುಟ್ಟಿಸ್ಕೊಂಡು ನಡಿ."

ನಾಲ್ಕನೇ ಹೆಜ್ಜೆಗೆ ಅವನು ಗೋಡೆ ಹಿಡಿದ.

"ನೆಲ ಓರೆಯಾಗಿದೆ."

"ನೆಲ ಸರಿಯಾಗೇ ಇದೆ. ಈ ಎತ್ತರಕ್ಕೆ ನಿನ್ನ ಮಿದುಳು ಊದ್ತಿದೆ. ಈಗಲೇ ಇಳೀಬೇಕು. ಮೂಟೆ ಇಲ್ಲೇ ಇರಲಿ."

"ಶೆರ್ಪಾಗೆ ಬೆಟ್ಟದ ಕಾಯಿಲೆ ಅಂದ್ರೆ ಊರೆಲ್ಲ ನಗುತ್ತೆ."

"ತಲೆ ಸುತ್ತಿದ್ದು ನನಗೆ, ನೀನೇ ಇಳಿಸ್ಕೊಂಡು ಬಂದೆ ಅಂತ ಹೇಳ್ತೀನಿ. ತೋಳು ಹಿಡ್ಕೋ."

ಇಬ್ಬರೂ ತೋಳಿಗೆ ತೋಳು ಸೇರಿಸಿ ಇಳಿದರು. ಯಾರು ಯಾರನ್ನು ಕರೆದೊಯ್ಯುತ್ತಿದ್ದಾರೆಂದು ಹಿಂದಿನಿಂದ ತಿಳಿಯುತ್ತಿರಲಿಲ್ಲ.