ಚಾದರ ಮಡಿಸಿದ ಕೊಲೆಗಾರ

ಸಭೆಯ ಅಧ್ಯಕ್ಷರೂ ನಮ್ಮೆಲ್ಲರ ಹಲ್ಲಿನ ಡಾಕ್ಟರೂ ಆದ ಹಿರಿಯರೇ, ಚಿತ್ರೋತ್ಸವ ಸಮಿತಿಯಿಂದ ಬಂದಿರುವ ಮುಖ್ಯ ಅತಿಥಿಗಳೇ, ಈ ಸಂಜೆ ಸನ್ಮಾನ ಪಡೆಯಲಿರುವ ನಿರ್ದೇಶಕಿಯೇ, ಅಂದರೆ ನನ್ನ ತಂಗಿಯ ಮಗಳೇ, ಸ್ವಲ್ಪ ನೆಟ್ಟಗೆ ಕೂತ್ಕೋ, ಮತ್ತು ಅಷ್ಟೊಂದು ಹೆಣ ನೋಡಿಯೂ ಮನೆಗೆ ಓಡದೆ ಭಾಷಣಕ್ಕೂ ಉಳಿದಿರುವ ಧೈರ್ಯವಂತ ಸಭಿಕರೇ,

ಮೊದಲಿಗೊಂದು ಕ್ಷಮೆ. ವೇದಿಕೆಯ ಮೇಜಿನ ಮೇಲಿರುವ ಬಿಳಿ ಬಟ್ಟೆ ನಮ್ಮ ಲಾಂಡ್ರಿಯದು. ಎಡಗಡೆ ಒಂದು ಗೇಣು ಹೆಚ್ಚು ಇಳಿದಿದೆ, ನಡುವೆ ಸುಕ್ಕೂ ಇದೆ. ಹಾಸಿದವನು ನಾನೇ. ಅಧ್ಯಕ್ಷರು ಆಗಲೇ ಒಂದೆರಡು ಸಲ ಎಳೆದು ಸರಿಮಾಡಲು ಹೋದರು. ದಯವಿಟ್ಟು ಬಿಡಿ ಸಾರ್, ಹಾಗೇ ಇರಲಿ.

ಈ ಚಿತ್ರದ ಗುಣದೋಷಗಳನ್ನು ಕುರಿತು ನಾನು ಮಾತನಾಡಬೇಕಂತೆ. ನನಗೇನು ಯೋಗ್ಯತೆ? ಇಡೀ ಚಿತ್ರ ನಡೆಯುವುದು ನಮ್ಮ ಲಾಂಡ್ರಿಯಲ್ಲಿ, ಅಷ್ಟೇ. ಮುಖವಾಡ ತೊಟ್ಟವನೊಬ್ಬ ದೊಡ್ಡ ಕತ್ತರಿ ಹಿಡಿದು, ಒಗೆಯಲು ಕೊಟ್ಟ ಬಟ್ಟೆ ವಾಪಸು ಕೇಳಲು ಬಂದವರನ್ನು ಒಬ್ಬೊಬ್ಬರನ್ನಾಗಿ ಮುಗಿಸುತ್ತಾನೆ. ಇಂಥದ್ದಕ್ಕೆ ಸ್ಲ್ಯಾಷರ್ ಸಿನಿಮಾ ಅನ್ನುತ್ತಾರೆಂದು ನನಗೆ ತಿಳಿದದ್ದು ಬೀಗದ ಕೈ ಕೊಟ್ಟ ಮೇಲೆ. ಕೇಳುವಾಗ "ಮಾಮ, ಲಾಂಡ್ರಿ ಬಗ್ಗೆ ಒಂದು ಸಿನಿಮಾ" ಅಂದಿದ್ದಳು. ವ್ಯಾಪಾರಕ್ಕೆ ಒಳ್ಳೆಯದು ಅಂದುಕೊಂಡೆ. ಈಗ ಗಿರಾಕಿಗಳು ಹೊಸ್ತಿಲಾಚೆ ನಿಂತೇ ಬಟ್ಟೆ ಕೇಳುತ್ತಾರೆ.

ಗುಣ ಮೊದಲು ಹೇಳುತ್ತೇನೆ. ಹೆದರಿಸಲು ಏನು ಬೇಕು? ದುಡ್ಡು ಬೇಕೇ? ದೊಡ್ಡ ನಟರು ಬೇಕೇ? ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನಮ್ಮ ಹುಡುಗಿಗೆ ಹಾಸಿಗೆಯೇ ಇರಲಿಲ್ಲ, ಚಾದರಗಳಿದ್ದವು. ರಜೆಯ ದಿನ ಕಿಟಕಿಗಳಿಗೆ ಕಂಬಳಿ ಹೊಡೆದು ಹಾಡುಹಗಲನ್ನೇ ಕತ್ತಲೆ ಮಾಡಿದಳು. ಬಾಯ್ಲರಿನ ಹಬೆ ಬಿಟ್ಟಳು. ಒಣಗಲು ಹಾಕಿದ ಚಾದರಗಳ ಸಾಲು, ಅದರ ಕೆಳಗೆ ಎರಡು ಕಾಲು. ಅಷ್ಟೇ. ಆ ಸಾಲುಗಳ ನಡುವೆ ದಿನವೂ ಓಡಾಡುವ ನಾನು ಮೊನ್ನೆ ಬೆಳಗ್ಗೆ ಕೆಮ್ಮಿಕೊಂಡು ಒಳಗೆ ಹೋದೆ.

ಇನ್ನು ದೋಷ. ಹೆತ್ತವರಿಗೆ ಹೆಗ್ಗಣ ಮುದ್ದು, ನಾನು ಹೆತ್ತವನಲ್ಲ, ಬರೀ ಸೋದರಮಾವ. ಹೇಳಿಬಿಡುತ್ತೇನೆ. ಮೂರನೆಯ ಹೆಣ ಉಸಿರಾಡುತ್ತದೆ. ಅದು ನಮ್ಮ ಇಸ್ತ್ರಿಯವನು, ಸತ್ತ ಹಾಗೆ ಮಲಗು ಅಂದರೆ ನಿಜವಾಗಿಯೂ ನಿದ್ದೆ ಹೋಗಿದ್ದ. ರಕ್ತ ಅಂದರೆ ಸಕ್ಕರೆ ಪಾಕ, ಕಣ್ಣಿಟ್ಟು ನೋಡಿದರೆ ಇರುವೆ ಸಾಲು ಕಾಣುತ್ತದೆ. ನಾಯಕಿ ಓಡಿ ಓಡಿ ಗೋದಾಮಿಗೇ ಹೋಗುತ್ತಾಳೆ, ಹಿಂದೆಯೇ ಬೀದಿ ಬಾಗಿಲು ಬಾಯಿ ತೆರೆದು ನಿಂತಿದೆ. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ, ಮಧ್ಯಂತರದ ನಂತರ ಕೊಲೆಗಾರ ಒಂದು ಗೇಣು ಕುಳ್ಳಗಾಗುತ್ತಾನೆ. ನೀವೆಲ್ಲ ಗುಸುಗುಸು ಅಂದದ್ದು ನನಗೆ ಕೇಳಿಸಿತು. ಯಾಕೆ ಕುಳ್ಳಗಾದ ಅಂತ ಹೇಳದಿದ್ದರೆ ಈ ಭಾಷಣ ಮುಗಿಯುವುದಿಲ್ಲ. ಹೇಳಿದರೆ ಮನೆಗೆ ಹೋದ ಮೇಲೆ ನನಗಿದೆ. ಇರಲಿ.

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಬಾಯಿ ಮುಕ್ಕಳಿಸುವಾಗ ನನ್ನ ಹೆಂಡತಿಯ ಬಾಯಿಯಿಂದ ನೀರು ಒಂದೇ ಕಡೆ ಸೋರಿತು. ಮುಖದ ನರ ಸೋತಿತ್ತು. ಎಡಗಡೆ ತುಟಿ ಜೋತುಬಿತ್ತು, ಕಣ್ಣು ಮುಚ್ಚಲು ಬರುತ್ತಿರಲಿಲ್ಲ. ಮುಕ್ಕಾಲು ಪಾಲು ವಾಸಿಯಾಯಿತು. ಉಳಿದ ಕಾಲು ಪಾಲು ಅವಳನ್ನು ಹಿಂದಿನ ಕೋಣೆಗೆ ಕಳಿಸಿಬಿಟ್ಟಿತು. ಕೌಂಟರಿನಲ್ಲಿ ನಿಂತು ಗಿರಾಕಿಗಳ ಜೊತೆ ನಗುನಗುತ್ತಲೇ ಜಗಳವಾಡುತ್ತಿದ್ದವಳು, ಯಾರ ಮನೆಯ ಸಮಾರಂಭಕ್ಕೂ ಹೋಗದಾದಳು. ನನ್ನೆದುರೂ ಗೋಡೆಯ ಕಡೆ ತಿರುಗಿ ಊಟ ಮಾಡುತ್ತಿದ್ದಳು. "ಏನೂ ಕಾಣಲ್ಲ ಕಣೇ, ಚೆನ್ನಾಗೇ ಇದೀಯ" ಅಂದರೆ, "ಕಲೆ ಹೋಗಿದೆ ಅಂತ ಗಿರಾಕಿಗಳಿಗೆ ಸುಳ್ಳು ಹೇಳ್ತೀರಲ್ಲ, ಅಲ್ಲೇ ಹೇಳ್ಕೊಳಿ. ನಂಗೆ ಬೇಡ" ಅನ್ನುತ್ತಿದ್ದಳು.

ಚಿತ್ರೀಕರಣದ ನಡುವೆ ಕೊಲೆಗಾರನ ಪಾತ್ರದವನು ಒದ್ದೆ ನೆಲದಲ್ಲಿ ಜಾರಿ ಕಾಲು ಉಳುಕಿಸಿಕೊಂಡ. ನಿರ್ದೇಶಕಿ ತಲೆ ಮೇಲೆ ಕೈ ಹೊತ್ತು ಕೂತಳು. ಆಗ ಹಿಂದಿನ ಕೋಣೆಯ ಬಾಗಿಲ ಸಂದಿಯಿಂದ ಒಂದು ಕೈ ಹೊರಗೆ ಬಂತು. "ಕೊಡೇ ಇಲ್ಲಿ ಆ ಮುಖವಾಡನ. ನಡೆಯೋದು, ಕತ್ತರಿ ಎತ್ತೋದು ತಾನೆ? ಅದೇನು ಮಹಾ!"

ಮಧ್ಯಾಹ್ನ ಬಿಡುವಿನಲ್ಲಿ ಅವಳು ಮುಖವಾಡ ತೆಗೆಯಲಿಲ್ಲ. ಕತ್ತರಿಯನ್ನೂ ಬಿಡದೆ, ಪಾಕ ಮೆತ್ತಿದ ಅಂಗಿಯಲ್ಲೇ ಮುಂಬಾಗಿಲು ದಾಟಿ ಎದುರಿನ ಅಂಗಡಿಗೆ ನೂಲು ತರಲು ಹೊರಟಳು. ಬೀದಿಗೆ, ಸಭಿಕರೇ, ಬೀದಿಗೆ! ಅಂಗಡಿಯವನು ದಡದಡ ಷಟರ್ ಎಳೆದು ಓಟ ಕಿತ್ತ. ಮುಖವಾಡದೊಳಗಿಂದ ಆ ಹಳೆಯ ನಗು ಕೇಳಿಸಿತು. "ರೀ, ನನ್ನ ನೋಡಿ ಓಡಿಬಿಟ್ಟ ರೀ!" ಯಾರಾದರೂ ನೋಡಿ ಮುಖ ತಿರುಗಿಸಿಯಾರು ಎಂದು ಒಳಗೇ ಕೂತಿದ್ದವಳು ಒಬ್ಬನನ್ನು ಓಡಿಸಿ ನಡುಬೀದಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಾನು ಕೌಂಟರಿನ ಹಿಂದೆ ಕೂತು ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಈಗ ಆ ದೃಶ್ಯಕ್ಕೆ ಬರುತ್ತೇನೆ. ನಾಯಕಿ ಓಡುವಾಗ ಹಗ್ಗ ಕಿತ್ತು ಒಂದು ಚಾದರ ನೆಲಕ್ಕೆ ಬೀಳುತ್ತದೆ. ಕೊಲೆಗಾರ ಇನ್ನೇನು ಹಿಡಿಯಬೇಕು, ನಿಂತುಬಿಡುತ್ತಾನೆ. ಕತ್ತರಿಯನ್ನು ಕಂಕುಳಲ್ಲಿ ಸಿಕ್ಕಿಸಿ, ಚಾದರ ಎತ್ತಿ, ಕೊಡವಿ, ಅಂಚಿಗೆ ಅಂಚು ಕೂಡಿಸಿ ಮಡಿಸಿ, ಕಪಾಟಿನಲ್ಲಿಟ್ಟು, ಆಮೇಲೆ ಬೆನ್ನಟ್ಟುತ್ತಾನೆ. ಅದು ಕಥೆಯಲ್ಲಿರಲಿಲ್ಲ. ಒಗೆದ ಬಟ್ಟೆ ನೆಲದ ಮೇಲಿದ್ದರೆ ನನ್ನ ಹೆಂಡತಿಗೆ ಜೀವ ತಡೆಯುವುದಿಲ್ಲ, ಅಷ್ಟೇ ಕಾರಣ.

ಉತ್ಸವದವರು ಚಿತ್ರವನ್ನು ತುಸು ಚಿಕ್ಕದು ಮಾಡಿ ಅಂದಿದ್ದಾರೆ. ಇಲ್ಲೇ ಕೂತಿರುವ ಸಂಕಲನಕಾರರ ಕತ್ತರಿ ಮೊದಲು ಹೊರಟಿರುವುದು ಅಲ್ಲಿಗೇ. "ಜನ ನಗ್ತಾರೆ ಅಂಕಲ್, ಭಯ ಕೆಡುತ್ತೆ" ಅನ್ನುತ್ತಾರೆ. ನಕ್ಕಿರಿ, ನಿಜ. ಆದರೆ ನಕ್ಕ ಮೇಲೆ ಏನಾಯಿತು? ಅದೇ ಕೈ, ಚಾದರ ಮಡಿಸಿದಷ್ಟೇ ನಿಧಾನವಾಗಿ ಕತ್ತರಿ ಎತ್ತಿದಾಗ ಈ ಸಭಾಂಗಣದಲ್ಲಿ ಒಂದು ಕುರ್ಚಿಯೂ ಕಿರ್ ಅನ್ನಲಿಲ್ಲ. ಉಸಿರಾಡುವ ಹೆಣವನ್ನು ಕತ್ತರಿಸಿ, ಇರುವೆಗಳನ್ನು ಕತ್ತರಿಸಿ, ಇದೊಂದನ್ನು ಬಿಡಿ. ನಾನು ಪಕ್ಷಪಾತಿ, ಒಪ್ಪಿದೆ. ಆದರೂ ಬಿಡಿ.

ಅವಳು ಇಲ್ಲೇ ಇದ್ದಾಳೆ. ಕೊನೆಯ ಸಾಲು, ಬಾಗಿಲ ಪಕ್ಕ, ಕೆನ್ನೆಗೆ ಶಾಲು ಹಿಡಿದುಕೊಂಡು. ತಿರುಗಿ ನೋಡಬೇಡಿ! "ನನ್ನೇನಾದ್ರೂ ಮೇಲಕ್ಕೆ ಕರೆದ್ರೋ, ಎದ್ದು ಮನೆಗೆ ಹೋಗ್ತೀನಿ" ಅಂದೇ ಬಂದಿದ್ದಾಳೆ. ಆದ್ದರಿಂದ ನಾನು ಕರೆಯುವುದಿಲ್ಲ. ನಾನು ಮಾಡಿದ್ದು ಇಷ್ಟೇ: ಎಲ್ಲರಿಗಿಂತ ಮೊದಲು ಬಂದು ಮೇಜಿಗೆ ಬಟ್ಟೆ ಹಾಸಿದೆ. ನನ್ನ ಮಾತು ಶುರುವಾದಾಗಿನಿಂದ ಅವಳು ನನ್ನನ್ನು ನೋಡಿಲ್ಲ, ಆ ಬಟ್ಟೆಯನ್ನೇ ನೋಡುತ್ತಿದ್ದಾಳೆ.

ಎದ್ದಳು. ಬಾಗಿಲು ಆ ಕಡೆ... ಇಲ್ಲ, ಈ ಕಡೆಗೇ ಬರುತ್ತಿದ್ದಾಳೆ. ಸ್ವಲ್ಪ ಕಾಲು ತೆಗೀರಿ, ದಾರಿ ಬಿಡಿ. ಅಧ್ಯಕ್ಷರೇ, ನಿಮ್ಮ ನೀರಿನ ಲೋಟ ಎತ್ತಿಕೊಳ್ಳಿ. ಸಭಿಕರೇ, ಬಟ್ಟೆಯ ಸುಕ್ಕು ತೆಗೆಯಲು ಒಂದು ಕೈ ಸಾಲದು. ಶಾಲು ಹಿಡಿದ ಕೈಯೂ ಬೇಕಾಗುತ್ತದೆ. ಅಗೋ, ಬಿಟ್ಟಳು.

ಇವರೇ ನಮ್ಮ ಕುಳ್ಳ ಕೊಲೆಗಾರ. ಚಪ್ಪಾಳೆ ಸ್ವಲ್ಪ ಜೋರಾಗಿಯೇ ಇರಲಿ. ಸಂಕಲನಕಾರರೇ, ಈಗ ಹೇಳಿ, ಇದನ್ನು ಕತ್ತರಿಸುತ್ತೀರಾ?

ಬಟ್ಟೆ ಸರಿಯಾಯಿತು. ಈಗ ನನ್ನ ಕಡೆ ತಿರುಗಿದ್ದಾಳೆ. ಬೇಕೆಂದೇ ಓರೆಯಾಗಿ ಹಾಸಿದ್ದೆನೆಂದು ಅವಳಿಗೆ ಗೊತ್ತಾಗಿಹೋಗಿದೆ. ಆ ನಡಿಗೆಯಲ್ಲಿ ಕೊಲೆಗಾರ ಹತ್ತಿರ ಬಂದಾಗ ಚಿತ್ರದಲ್ಲಿ ಯಾರೂ ಉಳಿಯಲಿಲ್ಲ. ನಾಯಕಿಯ ತಪ್ಪು ನಾನು ಮಾಡುವುದಿಲ್ಲ, ಬೀದಿ ಬಾಗಿಲಿಗೇ ಓಡುತ್ತೇನೆ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ, ಬದುಕಿರುವಾಗಲೇ, ಧನ್ಯವಾದ. ನಮಸ್ಕಾರ.