ಬಣ್ಣದ ಕೆಳಗಿನ ಬೆಸುಗೆ

ಜಗಳೂರಿನ ಆಸ್ಪತ್ರೆಯ ಆಪರೇಷನ್ ಕೋಣೆಯ ಮುಂದೆ ಮಗಳ ಹೆರಿಗೆಗೆ ಕಾದು ಕೂತ ಅಜ್ಜಮ್ಮನ ಪಕ್ಕದಲ್ಲಿ ಒಬ್ಬ ಹೆಂಗಸೂ ಅವಳ ಮೈದುನನೂ ಕೂತಿದ್ದರು. ಗಾಡಿ ಮಗುಚಿ ಪೆಟ್ಟಾದ ಅವಳ ಗಂಡ ತಿಪ್ಪೇಶ ಒಳಗಿದ್ದ. ಹೆಂಗಸೇ ಮೊದಲು ಬಾಯಿ ಬಿಟ್ಟಳು.

“ಶೆಡ್ಡಿನಾಗೆ ಅಣ್ಣ ತಮ್ಮ ಸೇರಿ ಗುಡ್ಡ ಹತ್ತೋ ಬಗ್ಗಿ ಗಾಡಿ ಕಟ್ಟಿದ್ರಿ. ಗುಡ್ಡದ ಮೇಲೆ ಮಗುಚಿದ್ರೂ ಪೈಪಿನ ಗೂಡು ತಲೆ ಕಾಯ್ತೈತೆ ಅಂದಿದ್ಯಲ್ಲೋ ಕೆಂಚೇಶ?”

“ಪೂರಾ ವೆಲ್ಡಿಂಗ್ ಆಗಿದ್ರೆ ಕಾಯ್ತಿತ್ತು, ಅತ್ಗೆ. ತ್ರೀಫೇಸ್ ಕರೆಂಟ್ ಹೋತು. ಮೇಲಿನ ಪೈಪಿಗೆ ಒಂದೆರಡು ಚುಕ್ಕಿ ಬೆಸುಗೆ ಅಂಟಿಸಿ ಬಿಟ್ಟಿದ್ದೆ.”

“ಅವರಿಗೆ ಹೇಳಾಕೆ ಏನಾಗಿತ್ತು ನಿಂಗೆ?”

“ಬರೀ ಕಬ್ಬಿಣದಾಗೆ ಸಂದು ಕಾಣ್ತೈತಲ್ಲ, ಹೇಳೋದೇನು ಅಂದ್ಕೊಂಡೆ. ನಾ ಹೊನ್ನಾಳಿಗೆ ಹೋಗಿ ಬರೋದ್ರೊಳಗೆ ಯಾರೋ ಕೆಂಪು ಬಣ್ಣ ಬಳಿದಿದ್ರು. ಬಣ್ಣ ಆತು ಅಂದ್ರೆ ಕೆಲಸ ಮುಗೀತು ಅಂತ ಅಣ್ಣ ಹತ್ತಿ ಹೊಂಟ.”

ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಆಯುಧಪೂಜೆಗೆ ತುಕ್ಕಿನ ಮೇಲೆ ಹೆಂಗೆ ಕುಂಕುಮ ಇಡೋದು ಅಂತ ನಾನೇ ಬಳಿದೆ ಕಣಪ್ಪ.”

ಕೆಂಚೇಶ ತಲೆ ಎತ್ತಲಿಲ್ಲ. “ಅಣ್ಣ ಕೇಳಿದ್ರೆ ನಾನು ಬಳಿದೆ ಅಂತೀನಿ.”

“ಎದ್ದು ಕೇಳ್ಲಿ ಸಾಕು. ಬೈಲಿ ಸಾಕು.”

ಬಾಗಿಲು ತೆರೆದ ನರ್ಸ್ ತಿಪ್ಪೇಶನ ಕಡೆಯವರನ್ನು ಕರೆದಳು. ಅಜ್ಜಮ್ಮ ಹೆಂಗಸಿನ ಒಂದು ತೋಳು ಹಿಡಿದಳು, ಮೈದುನ ಇನ್ನೊಂದು. ಬಾಗಿಲವರೆಗೆ ಮೂವರೂ ನಡೆದರು, ಆಮೇಲೆ ಅತ್ತಿಗೆ ಮೈದುನ ಇಬ್ಬರೇ ಒಳಗೆ ಹೋದರು.